ಏಳನೆಯ ಖಾನೆಯಲ್ಲಿ ಬರೆದದ್ದು

ನಮ್ಮ ಮನೆಯಲ್ಲಿ ಒಬ್ಬ ಬಿ.ಎ. ಆಗುವುದು ಶಕ್ಯವೇ ಇಲ್ಲ ಎಂದವರು ರಾಜೇಶ್ವರದ ಸಂಗಣ್ಣ ಸಾವಕಾರರು. ನಾವು ಕಂಬಳಿ ನೇಯುವ ಮಂದಿ. ಅಪ್ಪ ನೇಯ್ದದ್ದೆಲ್ಲ ಅವರ ಅಂಗಡಿಗೇ ಹೋಗುತ್ತಿತ್ತು. ನಾನು ಮಿಡ್ಲ್ ಪರೀಕ್ಷೆ ಪಾಸಾದ ಸುದ್ದಿ ಹೇಳಲು ಅಪ್ಪನ ಜೊತೆ ಹೋದ ದಿನ ಅವರು ಕಂಬಳಿಯ ಅಂಚನ್ನು ಎಳೆದೆಳೆದು ನೋಡುತ್ತ, ನನ್ನ ಮುಖ ನೋಡದೆಯೇ ಅಂದರು:

"ಬೀರಪ್ಪಾ, ಮಗ ನಾಕು ಅಕ್ಷರ ಕಲ್ತ, ಛಲೋ ಆತು. ಈಗ ಮಗ್ಗಕ್ಕ ಕೂಡಸು. ಮುಂದ ಬಿ.ಎ. ಗಿಯೆ ಅಂತ ಕುಣಿಬ್ಯಾಡ. ಅದು ನಿಮ್ಮ ಮಂದಿ ಕೈಲೆ ಆಗೂ ಮಾತಲ್ಲ."

ಅಪ್ಪ ದುಡ್ಡು ಎಣಿಸಿಕೊಂಡು ಹೊರಬಿದ್ದ. ದಾರಿಯಲ್ಲಿ ಮಾತ್ರ, "ಅವರು ಬರೇ ಅಂಚು ನೋಡ್ತಾರಪಾ, ನೂಲು ನೋಡಂಗಿಲ್ಲ," ಅಂದ.

ನಾನು ಬಿ.ಎ. ಆದೆ. ನಮ್ಮ ಓಣಿಯಲ್ಲಿ ಮೊದಲಿಗ. ಸುತ್ತಲಿನ ಹತ್ತು ಹಳ್ಳಿಯ ನಮ್ಮ ಮಂದಿಯಲ್ಲೂ ಮೊದಲಿಗನೇ ಇರಬೇಕು. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಸೀಮೆಎಣ್ಣೆ ಚಿಮಣಿಯ ಹೊಗೆ ಕುಡಿದು ಓದಿದವನು ನಾನು. ಆದರೆ ಆ ಬಿ.ಎ. ಹ್ಯಾಗೆ ಬಂತು ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಈಚೆಗೆ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಶಿಕ್ಷಣ ಇಲಾಖೆಗೆ ಸೇರಿದಳು. ಹೊಸ ಕೆಲಸದ ಹುರುಪಿನಲ್ಲಿ ಬಂದು, "ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ರಿ ಅಜ್ಜಾ?" ಎಂದು ಕೇಳಿದಳು. ಬಾಯಲ್ಲಿ ಹೇಳಲು ಆಗಲಿಲ್ಲ. ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎನ್ನುವುದೆಲ್ಲ ಇಲ್ಲಿಲ್ಲ. ಅವು ಸರ್ವಿಸ್ ಪುಸ್ತಕದಲ್ಲಿವೆ, ಬೇಕಾದವರು ನೋಡಲಿ.

ಮೆಟ್ರಿಕ್ ಮುಗಿಸಿ ಹುಮನಾಬಾದಿನಲ್ಲಿ ಶಾಲೆಗಳ ತನಿಖೆ ನೋಡುವ ದಫ್ತರಿನಲ್ಲಿ ಗುಮಾಸ್ತನಾಗಿ ಸೇರಿದೆ. ಆಗ ಇದು ಹೈದರಾಬಾದ್ ಸಂಸ್ಥಾನ. ಬಸವಕಲ್ಯಾಣಕ್ಕೆ ಬರೇ ಕಲ್ಯಾಣಿ ಎನ್ನುತ್ತಿದ್ದರು. ದಫ್ತರಿನ ಕಾಗದವೆಲ್ಲ ಉರ್ದು. ನನ್ನ ಉರ್ದು ಅಕ್ಷರ ದುಂಡಗಿತ್ತು, ಅದೊಂದೇ ನನ್ನ ಬಂಡವಾಳ. ನಮ್ಮ ಮೇಲಧಿಕಾರಿ ಗುಲಬರ್ಗಾ ಕಡೆಯವರು. ಎಲ್ಲರೂ ಅವರನ್ನು ಬರೇ 'ಸಾಹೇಬರು' ಎನ್ನುತ್ತಿದ್ದೆವು. ಅವರಿಗೆ ಕನ್ನಡ ನನ್ನಷ್ಟೇ ಬರುತ್ತಿತ್ತು. ಹಾಲಿನ ಮುದುಕಿಯ ಜೊತೆ ಕಟ್ಟೆಯ ಮೇಲೆ ನಿಂತು, "ನೀರು ಹಾಕಿದ್ದು ಹಾಕಿದಿ, ಬಾವಿ ನೀರರೇ ಹಾಕಬೇಕಿಲ್ಲೇನವ್ವಾ," ಎಂದು ಚೇಷ್ಟೆ ಮಾಡುವರು. ದಫ್ತರಿನ ಹೊಸ್ತಿಲು ದಾಟಿದರೋ, ಉರ್ದು ಬಿಟ್ಟು ಒಂದಕ್ಷರ ಬೇರೆ ಆಡುವವರಲ್ಲ. ಆ ಹೊಸ್ತಿಲನ್ನು ಅವರು ಎಂದೂ ಮರೆತದ್ದನ್ನು ನಾನು ಕಾಣೆ.

ಸೇರಿದ ಹೊಸದರಲ್ಲಿ ಅವರ ಜೊತೆ ಒಂದು ಹಳ್ಳಿಯ ಶಾಲೆ ನೋಡಲು ಹೋಗಿದ್ದೆ. ಪ್ರಶ್ನೆ ಕೇಳುವ ಕೆಲಸ ನನಗೇ ಕೊಟ್ಟರು. ಎರಡನೇ ಇಯತ್ತೆಯ ಹುಡುಗನೊಬ್ಬನನ್ನು ನಿಲ್ಲಿಸಿ, ನೀರು ಎಲ್ಲಿಂದ ಬರುತ್ತದೆ ಎಂದು ಉರ್ದುವಿನಲ್ಲಿ ಕೇಳಿದೆ. ಪುಸ್ತಕದ ಪ್ರಕಾರ ಮೋಡದಿಂದ ಎನ್ನಬೇಕು. ಅವನು ಸ್ವಲ್ಪ ಹೊತ್ತು ಯೋಚಿಸಿ ಕನ್ನಡದಲ್ಲಿ, "ನಮ್ಮವ್ವ ತರ್ತಾಳ್ರಿ," ಅಂದ. ನಾನು ಸೊನ್ನೆ ಹಾಕಿದೆ. ವಾಪಸು ಬರುವಾಗ ಸಾಹೇಬರು ಕೇಳಿದರು, "ಅವನಿಗೆ ನಿನ್ನ ಪ್ರಶ್ನೆ ತಿಳೀತು. ನಿನಗೆ ಅವನ ಉತ್ತರ ತಿಳೀತು. ಮತ್ತೆ ಸೊನ್ನೆ ಯಾಕೆ?"

"ಕಾಯಿದೆ ಸಾಹೇಬ್. ಉತ್ತರ ಉರ್ದುವಿನಲ್ಲಿ ಇರಬೇಕು."

"ಹೌದು. ಕಾಯಿದೆ," ಅಂದರು. ಸೊನ್ನೆಯನ್ನು ಅಳಿಸಲಿಲ್ಲ. ನಾನೂ ಅದನ್ನು ದೊಡ್ಡ ಜಾಣತನವೆಂದು ತಿಳಿದು ನಾಲ್ಕು ಜನರಿಗೆ ಹೇಳಿಕೊಂಡು ಓಡಾಡಿದೆ.

ಆ ದಿನಗಳಲ್ಲಿ ಮೇಲಿನವರ ನಡುವೆ ದೊಡ್ಡ ವಾದ ನಡೆದಿತ್ತು. ಸಣ್ಣ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಬೇಕೋ, ಸರ್ಕಾರದ ಮಾತಿನಲ್ಲಿ ಕಲಿಸಬೇಕೋ? ಮನೆಮಾತಿನಲ್ಲಿ ಕಲಿಸಿದರೆ ಮುಂದೆ ನೌಕರಿಗೆ ಏನು ಗತಿ? ಇರುವ ಬೊಕ್ಕಸದಲ್ಲಿ ಹಳ್ಳಿಗೊಂದು ಸಣ್ಣ ಶಾಲೆ ಮಾಡುವುದೋ, ತಾಲೂಕಿಗೊಂದು ದೊಡ್ಡ ಶಾಲೆ ಮಾಡುವುದೋ? ಹೀಗೆ. ಕಡೆಗೆ ಒಂದು ತೀರ್ಮಾನ ಬಂತು. ಯಾವ ಊರಲ್ಲಿ ಯಾವ ಮಾತಿನ ಮನೆಗಳು ಹೆಚ್ಚಿವೆಯೋ ಪಟ್ಟಿ ಮಾಡಿ. ಅದರಂತೆ ಮಾಸ್ತರನನ್ನು ಕೊಡೋಣ. ಅದಕ್ಕಾಗಿ ಒಂದು ಫಾರಂ ಬಂತು. ಮನೆ ಯಜಮಾನನ ಹೆಸರು, ಕಸುಬು, ಮಕ್ಕಳೆಷ್ಟು, ಇತ್ಯಾದಿ ಖಾನೆಗಳು. ಏಳನೆಯ ಖಾನೆಯ ತಲೆಯ ಮೇಲೆ ಒಂದೇ ಶಬ್ದ: ಜಬಾನ್. ಅಂದರೆ ಭಾಷೆ. ಪಟ್ಟಿ ಮಾಡಲು ಹಳ್ಳಿ ಹಳ್ಳಿಗೆ ಹೋದ ಗುಮಾಸ್ತರಲ್ಲಿ ನಾನೂ ಒಬ್ಬ.

ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ನನ್ನ ಅಕ್ಕನ ಊರೂ ಇತ್ತು. ಘಾಟಬೋರಾಳದಿಂದ ಎರಡು ಹರದಾರಿ ಆಚೆ. ಊರ ಹೆಸರು ಬರೆಯುವುದಿಲ್ಲ. ಆ ಮನೆಗಳವರು ಇನ್ನೂ ಇದ್ದಾರೆ. ಅಕ್ಕ ಇರಮ್ಮನನ್ನು ಅಲ್ಲಿಯ ಲಕ್ಷ್ಮಣ ಎಂಬ ಒಕ್ಕಲುತನದವನಿಗೆ ಕೊಟ್ಟಿತ್ತು. ಅವರಿಗೆ ನಾಗಮ್ಮ ಎಂಬ ಒಬ್ಬಳೇ ಮಗಳು, ಆಗ ಎಂಟೊಂಬತ್ತು ವರ್ಷ. ಆ ಊರಿನ ಶಾಲೆಯಲ್ಲಿ ವೀರಯ್ಯ ಎಂಬ ಕನ್ನಡ ಮಾಸ್ತರರಿದ್ದರು. ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ನಾಗಮ್ಮ ಅವರ ಹತ್ತಿರ ಎರಡನೇ ಪುಸ್ತಕ ಓದುತ್ತಿದ್ದಳು. ಓದುವ ಹುಚ್ಚು ಅಂದರೆ ಹುಚ್ಚು. ಪಂಚಾಂಗದ ಹರಿದ ಹಾಳೆ ಸಿಕ್ಕರೂ ಒಲೆಗೆ ಹಾಕಲು ಬಿಡುತ್ತಿರಲಿಲ್ಲ. ಹುಮನಾಬಾದಿನಲ್ಲಿ ಹುಡುಗಿಯರ ಶಾಲೆ ತೆಗೆಯುವ ಮಾತಿತ್ತು. ಕನ್ನಡ ಬಲ್ಲ ಹೆಣ್ಣು ಮಾಸ್ತರು ಸಿಗದೆ ಕಡತ ಬಿದ್ದುಕೊಂಡಿತ್ತು. ನಾನು ಅದನ್ನು ನೋಡಿದ್ದೆ. "ನಾಲ್ಕನೇದು ಪಾಸಾಗಿ ಸರ್ಟಿಫಿಕೇಟು ತಗೋ. ಉಳಿದದ್ದು ನಾ ನೋಡ್ಕೋತೀನಿ, ನಿನ್ನ ಮಾಸ್ತರಣಿ ಮಾಡ್ತೀನಿ," ಎಂದು ಅವಳಿಗೆ ಹೇಳಿದ್ದೆ. ಚೇಷ್ಟೆಗೆ ಹೇಳಿದ್ದಲ್ಲ, ನಿಜವಾಗಿಯೇ ಹೇಳಿದ್ದೆ. ಅವಳಪ್ಪ ಲಕ್ಷ್ಮಣನೂ ಆ ಒಂದು ಮಾತಿನ ಮೇಲೆ ಅವಳನ್ನು ಶಾಲೆಗೆ ಕಳಿಸುತ್ತಿದ್ದ.

ಪಟ್ಟಿಯ ದಿನ ಶೆರವಾನಿ ತೊಟ್ಟು, ಟೊಪ್ಪಿಗೆ ಇಟ್ಟು, ಚಾವಡಿಯಲ್ಲಿ ಕುರ್ಚಿಯ ಮೇಲೆ ಕೂತೆ. ಬದಿಯಲ್ಲಿ ಊರ ಪಾಟೀಲ. ಮನೆ ಯಜಮಾನರೆಲ್ಲ ಸಾಲಾಗಿ ಕೂತಿದ್ದರು. ನಾನು ಅವರ ಮಾತಿನಲ್ಲಿ, ನೀವು ಮನೆಯಲ್ಲಿ ಏನು ಮಾತಾಡ್ತೀರಿ ಎಂದು ಕೇಳಬಹುದಿತ್ತು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿದ್ದದ್ದೂ ಅದೇ ಮಾತು. ಆದರೆ ಫಾರಮ್ಮಿನಲ್ಲಿದ್ದ ಶಬ್ದದಲ್ಲಿ ಕೇಳಿದರೇ ಅಧಿಕಾರ ಎಂದು ತಿಳಿದಿದ್ದ ಕಾಲ ಅದು.

"ನಿನ್ನ ಜಬಾನ್ ಏನು?" ಎಂದೆ.

ಮೊದಲು ಕೂತಿದ್ದ ಹಣಮಂತ ಎಂಬವನು ಎದ್ದು ನಿಂತು ಕೈಮುಗಿದ. "ನಂದು ಏನೂ ಜಬಾನ್ ಇಲ್ರಿ ಸಾಹೇಬ್ರ. ಗಿಡ ಕಡದ ದಿನ ನಾ ಊರಾಗೇ ಇರಲಿಲ್ಲ. ಮನ್ನಾಏಖೇಳ್ಳಿಗಿ ಹೋಗಿದ್ದೆ. ಬೇಕಾದ್ರ ನನ್ನ ಎತ್ತಿನ ಕೇಳ್ರಿ."

ಹಿಂದಿನಿಂದ ಯಾರೋ, "ಎತ್ತಿನ ಜಬಾನಿ ಬರಕೋತಾರೇನೋ ಮಂಗ್ಯಾ?" ಅಂದರು. ಚಾವಡಿ ನಕ್ಕಿತು.

ನನಗೆ ಕೂಡಲೇ ತಿಳಿಯಿತು. ಹೋದ ತಿಂಗಳು ಆ ಊರ ಹಳ್ಳದ ದಂಡೆಯಲ್ಲಿ ಸರ್ಕಾರಿ ಈಚಲ ಗಿಡಗಳನ್ನು ಯಾರೋ ಕಡಿದಿದ್ದರು. ಸೇಂದಿ ಇಳಿಸುವ ಗಿಡಗಳು, ಸರ್ಕಾರಕ್ಕೆ ಆದಾಯ ತರುವಂಥವು. ಪೊಲೀಸ್ ಅಮೀನನು ಬಂದು, ಇದೇ ಚಾವಡಿಯಲ್ಲಿ, ಇದೇ ಕುರ್ಚಿಯ ಮೇಲೆ ಕೂತು, ಒಬ್ಬೊಬ್ಬರ ಹೇಳಿಕೆ ಬರೆದುಕೊಂಡು ಹೋಗಿದ್ದ. ಆ ಹೇಳಿಕೆಗೆ ನಮ್ಮ ಕಡೆ ಜಬಾನ್, ಜಬಾನಿ ಎಂದೇ ಹೆಸರು. ನಾನು ಭಾಷೆ ಕೇಳಿದರೆ ಅವರು ಸಾಕ್ಷಿ ಹೇಳುತ್ತಿದ್ದರು.

"ಗಿಡದ್ದಲ್ಲೋ! ಜಬಾನ್, ಜಬಾನ್!" ಎಂದು ಅದೇ ಶಬ್ದವನ್ನು ದೊಡ್ಡದಾಗಿ ಕೂಗಿದೆ.

ಮಾರುತೆಪ್ಪ ಎಂಬ ಮುದುಕ ಕೂತಲ್ಲಿಂದಲೇ ಅಂದ, "ಮೊನ್ನಿ ಅಮೀನ್ ಸಾಹೇಬ್ರು ಬರಕೊಂಡ್ರಲ್ರಿ, ಅದೇ ನನ್ನ ಜಬಾನ್. ಜೀವ ಹೋದ್ರೂ ಬದಲ್ ಮಾಡಂಗಿಲ್ಲ."

ಮೂರನೆಯವನು ಚತುರ. "ಪಾಟೀಲ್ರು ಏನ್ ಅಂತಾರೋ ಅದೇ ನಂದು ಬರಕೋರ್ರಿ," ಅಂದ.

"ನಂದೂ ಅದೇ."

"ನಂದೂ ಅದೇ ರಿ."

ಸಾಲು ಪೂರ್ತಿ ಅದನ್ನೇ ಹಿಡಿಯಿತು. ನನಗೆ ನಗು ತಡೆಯಲಾಗಲಿಲ್ಲ. ಪಾಟೀಲನ ಕಡೆ ತಿರುಗಿ, ಮಾಸ್ತರನನ್ನು ಕೊಡುವುದಕ್ಕೆ ಈ ಪಟ್ಟಿ ಎಂದು ತಿಳಿಸಿ ಹೇಳಿದೆ. ಆತ ಮೀಸೆಯ ಮೇಲೆ ಕೈಯಾಡಿಸಿ, "ಹಂಗಿದ್ರ ಉರ್ದು ಅಂತ ಬರೀರಿ," ಅಂದ. "ನಮ್ಮ ಹುಡುಗರು ಗಿರ್ದಾವರ್ ಆಗಬೇಕೋ ಬ್ಯಾಡೋ? ಕನ್ನಡ ಕಲ್ತ್ರ ಭಜನಿ ಹಾಡ್ತಾವ, ಅಷ್ಟ."

ಇದನ್ನು ಆತ ಹೇಳಿದ್ದು ಕನ್ನಡದಲ್ಲಿ. ಆತನ ಮನೆಯಲ್ಲೂ ಕನ್ನಡವೇ. ಆತನದು ಕೆಟ್ಟ ಮನಸ್ಸು ಎಂದು ನಾನು ಹೇಳುವುದಿಲ್ಲ. ಕಂದಾಯದ ಗಿರ್ದಾವರ್ ಆಗಲಿ, ಶಿಪಾಯಿ ಆಗಲಿ, ಉರ್ದು ಇಲ್ಲದೆ ಯಾವ ನೌಕರಿಯೂ ಇರಲಿಲ್ಲ. ನಾನೇ ಅದಕ್ಕೆ ಸಾಕ್ಷಿಯಾಗಿ ಕುರ್ಚಿಯ ಮೇಲೆ ಕೂತಿದ್ದೆ. ಆದರೆ ಖಾನೆ ಕೇಳಿದ್ದು ಮನೆಯಲ್ಲಿ ಆಡುವ ಮಾತನ್ನು, ಮಗ ಮುಂದೆ ಏನಾಗಬೇಕು ಎನ್ನುವುದನ್ನಲ್ಲ.

ನನ್ನ ಭಾವ ಲಕ್ಷ್ಮಣನೂ ಸಾಲಿನಲ್ಲಿದ್ದ. ಅವನಿಗೆ ಹೊತ್ತು ಹೋಗುತ್ತಿತ್ತು. "ಮಾಳಪ್ಪಾ, ನಂದೂ ಅದೇ ಬರಕೊಂಡು ಲಗೂ ಏಳಪಾ. ನಿಮ್ಮಕ್ಕ ಹೋಳಿಗಿ ಮಾಡ್ಕೊಂಡು ಕುಂತಾಳ," ಅಂದ.

ಏಳನೆಯ ಖಾನೆಯಲ್ಲಿ ಮೊದಲ ಮನೆಗೆ 'ಉರ್ದು' ಎಂದು ಬರೆದೆ. ಅದರ ಕೆಳಗೆ 'ಐಜನ್' ಎಂದು ಬರೆದೆ. ಮೇಲಿನದೇ ಎನ್ನುವುದಕ್ಕೆ ಉರ್ದು ದಫ್ತರಿನ ಶಬ್ದ ಅದು. ಈಗ ನೀವು 'ಸದರ' ಎಂದು ಬರೆಯುತ್ತೀರಲ್ಲ, ಅದೇ. ಐಜನ್, ಐಜನ್, ಐಜನ್. ಹಾಳೆಯ ತುದಿಯವರೆಗೆ. ನನ್ನ ಅಕ್ಕನ ಮನೆಯ ಎದುರಿಗೂ ಐಜನ್. ಸಹಿ ಹಾಕಿ, ಶಾಯಿ ಒಣಗಲೆಂದು ಮರಳು ಉದುರಿಸಿ, ಎದ್ದು ಹೋಳಿಗೆ ಉಣ್ಣಲು ಹೋದೆ.

ಊಟಕ್ಕೆ ಕೂತಾಗ ನಾಗಮ್ಮ ಎದುರಿಗೆ ನಿಂತು ಪಾಠವನ್ನು ಗಡಗಡ ಓದಿದಳು. ನಡುವೆ ನಿಲ್ಲಿಸಿ, "ಮಾಮಾ, ಮಾಸ್ತರಣಿ ಆದ್ರ ಸೀರಿ ಉಡಬೇಕೇನು?" ಎಂದು ಕೇಳಿದಳು.

"ಮತ್ತೇನು, ಹುಡುಗರು ಹೆದರಬೇಕಲ್ಲ," ಅಂದೆ.

"ನಾ ಲಂಗಾದಾಗೇ ಹೆದರಸ್ತೀನಿ ತಗೋ," ಅಂದಳು.

ಹುಮನಾಬಾದಿಗೆ ಬಂದು ಎತ್ತಿನ ಜಬಾನಿಯ ಕಥೆಯನ್ನು ದಫ್ತರಿನಲ್ಲಿ ಅಭಿನಯ ಮಾಡಿ ಹೇಳಿದೆ. ಗುಮಾಸ್ತರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಕ್ಕವರಲ್ಲಿ ಒಬ್ಬನೂ, ಹಾಗಾದರೆ ಖಾನೆಯಲ್ಲಿ ಏನು ಬರೆದೆ ಎಂದು ಕೇಳಲಿಲ್ಲ.

ಮುಂದಿನ ವರ್ಷ ಶಾಲೆ ತೆರೆಯುವ ಹೊತ್ತಿಗೆ ಹುಕುಂ ಬಂತು. ಶುದ್ಧ ಪ್ರತಿ ಮಾಡಲು ನನ್ನ ಮೇಜಿಗೇ ಬಂತು, ನನ್ನ ಅಕ್ಷರ ದುಂಡಗಿತ್ತಲ್ಲ. ಇಂಥ ಊರಿನಲ್ಲಿ ಉರ್ದು ಮಾತಿನ ಮನೆಗಳೇ ಎಲ್ಲ ಇರುವುದರಿಂದ ಕನ್ನಡ ಮಾಸ್ತರ ವೀರಯ್ಯನನ್ನು ಬೇರೆಡೆಗೆ ವರ್ಗ ಮಾಡಿ, ಆ ಜಾಗಕ್ಕೆ ಉರ್ದು ಮಾಸ್ತರನನ್ನು ಕೊಡಲಾಗಿದೆ. ಅರ್ಧ ಸಾಲು ಬರೆದು ಲೇಖನಿ ಕೆಳಗಿಟ್ಟೆ. ಕಾಗದ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಚಾವಡಿಯಲ್ಲಿ ಆದದ್ದನ್ನು ಮೊದಲ ಬಾರಿಗೆ ನಗದೆ ಹೇಳಿದೆ. ಅವರು ಮೂಲ ಪಟ್ಟಿ ತರಿಸಿ ನೋಡಿದರು. ಅವರು ಮಾತಾಡಿದ್ದು ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಇದರ ಕೆಳಗೆ ಯಾರ ಸಹಿ?"

"ನಂದೇ, ಸಾಹೇಬ್."

"ಸುಳ್ಳು ಬರೆದೆ ಅಂತ ಒಂದು ಕಾಗದ ಬರೆದುಕೊಡು. ಮೇಲೆ ಕಳಿಸುತ್ತೇನೆ. ಕನ್ನಡ ಮಾಸ್ತರ ಅಲ್ಲೇ ಉಳಿಯಬಹುದು."

ಅವರ ಮೇಜಿನ ಮೇಲೆ ನನ್ನದೇ ಇನ್ನೊಂದು ಕಾಗದವಿತ್ತು. ಹೈದರಾಬಾದಿಗೆ ಹೋಗಿ ಕಾಲೇಜು ಓದಲು ರಜೆ ಮತ್ತು ವಿದ್ಯಾರ್ಥಿವೇತನ ಕೇಳಿದ ಅರ್ಜಿ. ಎರಡು ವರ್ಷದಿಂದ ಬೆನ್ನು ಹತ್ತಿದ್ದೆ. ಸಾಹೇಬರ ಶಿಫಾರಸಿಲ್ಲದೆ ಅದು ಆಗುವಂತಿರಲಿಲ್ಲ. ಅವರು ಆ ಕಾಗದವನ್ನೂ ಈಚೆಗೆ ಎಳೆದುಕೊಂಡರು.

"ಸುಳ್ಳು ಪಟ್ಟಿ ಬರೆದ ಗುಮಾಸ್ತನನ್ನು ಸರ್ಕಾರದ ವೇತನದಲ್ಲಿ ಓದಿಸಿ ಅಂತ ಅದೇ ಟಪಾಲಿನಲ್ಲಿ ನಾನು ಬರೆಯಲಾರೆ. ಎರಡರಲ್ಲಿ ಒಂದು ಹೋಗುತ್ತದೆ. ಯಾವುದು ಅಂತ ನಾಳೆ ಬಂದು ಹೇಳು."

ಅವರು ನನಗೆ ಅನ್ಯಾಯ ಮಾಡಲಿಲ್ಲ. ಒಂದು ಇಡೀ ದಿನ ಕೊಟ್ಟರು. ಇನ್ನೊಂದು ಪಟ್ಟಿ ಮೂರು ವರ್ಷಕ್ಕೆ ಆಗೇ ಆಗುತ್ತದೆ, ಆಗ ಸರಿ ಮಾಡಿದರಾಯಿತು ಎಂದು ನಾನು ಲೆಕ್ಕ ಹಾಕಿದೆ. ಮೂರು ವರ್ಷದಲ್ಲಿ ಹತ್ತು ವರ್ಷದ ಹುಡುಗಿ ಎಷ್ಟು ದೊಡ್ಡವಳಾಗುತ್ತಾಳೆ, ನಮ್ಮ ಕಡೆ ಅಷ್ಟು ದೊಡ್ಡವಳಾದವಳನ್ನು ಏನು ಮಾಡುತ್ತಾರೆ ಎನ್ನುವ ಲೆಕ್ಕ ಹಾಕಲಿಲ್ಲ. ಹಾಕಲಿಲ್ಲ ಎನ್ನುವುದೂ ಸುಳ್ಳು. ಹಾಕಿದ್ದೆ, ಬದಿಗೆ ಸರಿಸಿದೆ. ಮರುದಿನ ಬೆಳಿಗ್ಗೆ ಹೋಗಿ, ಶಿಫಾರಸಿನ ಕಾಗದವನ್ನು ನಾನೇ ಶುದ್ಧ ಪ್ರತಿ ಮಾಡಿದೆ. ವೀರಯ್ಯ ಮಾಸ್ತರರ ವರ್ಗದ ಹುಕುಮನ್ನೂ ಮಾಡಿದೆ. ಸಾಹೇಬರು ಎರಡಕ್ಕೂ ಸಹಿ ಹಾಕಿದರು. ಸಂಜೆ ಮನೆಗೆ ಹೊರಟಾಗ ಹೊಸ್ತಿಲಾಚೆ ಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ, "ಛಲೋ ಓದಪಾ. ಓದಿ ಬಂದು ಸರಿ ಮಾಡು," ಅಂದರು.

ವೀರಯ್ಯ ಮಾಸ್ತರರು ಹುಕುಂ ತೆಗೆದುಕೊಳ್ಳಲು ದಫ್ತರಿಗೆ ಬಂದಾಗ ಅದನ್ನು ಅವರ ಕೈಗೆ ಕೊಟ್ಟವನೂ ನಾನೇ. ಅವರಿಗೆ ಉರ್ದು ಓದಲು ಸ್ವಲ್ಪ ಬರುತ್ತಿತ್ತು. ಓದಿ ಮಡಚಿ ಕಿಸೆಗೆ ಹಾಕಿಕೊಂಡರು.

"ಸರಕಾರದ್ದು ಏನೋ ವಿಚಾರ ಇರ್ತದ, ಇರಲಿ," ಅಂದರು. "ನಿಮ್ಮ ನಾಗಮ್ಮನ ಮಾತ್ರ ಬಿಡಬ್ಯಾಡ ಮಾಳಪ್ಪಾ. ಮೂರನೇ ಪುಸ್ತಕ ನೀನೇ ಹೇಳಿಕೊಡು. ರವಿವಾರಕ್ಕೊಮ್ಮಿ ಹೋದ್ರೂ ಸಾಕು, ಆ ಹುಡುಗಿ ತಾನೇ ಎಳಕೊಂಡು ಹೋಗ್ತಾಳ."

"ಹೌದ್ರಿ," ಅಂದೆ. ಎರಡು ರವಿವಾರ ಹೋದೆ. ಮೂರನೆಯದಕ್ಕೆ ಕಾಲೇಜಿನ ಪ್ರವೇಶದ ತಯಾರಿ ಅಡ್ಡ ಬಂತು. ಆಮೇಲೆ ಅಡ್ಡ ಬರಲು ಏನೂ ಬೇಕಾಗಲಿಲ್ಲ. ಖಾನೆಯ ತಪ್ಪಿಗೆ ನನ್ನ ವಯಸ್ಸು, ಹೋಳಿಗೆ, ಪಾಟೀಲ ಎಂದು ಹತ್ತು ನೆಪ ಹೇಳಬಹುದು. ಈ ರವಿವಾರಗಳಿಗೆ ಒಂದು ನೆಪವೂ ನನ್ನ ಹತ್ತಿರ ಇಲ್ಲ.

ಎರಡನೇ ರವಿವಾರ ಅಕ್ಕ ಕೇಳಿದ್ದಳು, "ಯಾಕ ತಮ್ಮಾ, ನಮ್ಮ ಮಾಸ್ತರಗ ಯಾಕ ತಗದ್ರು? ನೀ ದಫ್ತರದಾಗೇ ಇರ್ತಿ, ನಿನಗ ಗೊತ್ತಾಗಲಿಲ್ಲೇನು?"

"ಮ್ಯಾಲಿನ ಹುಕುಂ ಅಕ್ಕಾ. ನಮ್ಮ ಕೈಯಾಗ ಏನದ," ಅಂದೆ.

ಹೊಸದಾಗಿ ಬಂದ ಉರ್ದು ಮಾಸ್ತರರು ಬೀದರಿನ ಕಡೆಯ ಬಡ ಮನುಷ್ಯ, ತುಂಬ ಒಳ್ಳೆಯವರು. ಅವರ ಮಾತು ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ಮಕ್ಕಳ ಮಾತು ಅವರಿಗೆ. ಒಮ್ಮೆ ದಫ್ತರಿಗೆ ಬಂದವರು ನನ್ನ ಹತ್ತಿರ ಕೂತು, ಈ ಊರ ಮನೆಯೆಲ್ಲ ಉರ್ದು ಅಂತ ಬರೆದ ಮಹಾಶಯ ಯಾರು, ಅವನನ್ನು ಒಮ್ಮೆ ನೋಡಬೇಕಲ್ಲ ಎಂದು ನಗುತ್ತ ಕೇಳಿದರು. ನಾನು ಶಾಯಿ ದೌತಿ ಸರಿಮಾಡುತ್ತ ಕೂತೆ. ಆರು ತಿಂಗಳಲ್ಲಿ ಅವರೇ ಕನ್ನಡ ಕಲಿತರು. ಮಕ್ಕಳು ಉರ್ದು ಕಲಿಯಲಿಲ್ಲ. ಆದರೆ ಕನ್ನಡ ಪುಸ್ತಕ ಹೇಳಿಕೊಡುವಷ್ಟು ಅವರಿಗೆ ಬರಲಿಲ್ಲ, ಹುಕುಮೂ ಇರಲಿಲ್ಲ. ಭಾವ ಲಕ್ಷ್ಮಣ, "ಉರ್ದು ಕಲ್ತು ಹುಡುಗಿ ಏನ್ ಗಿರ್ದಾವರ್ ಆಗ್ತಾಳೇನು? ಹೊಲಕ್ಕರೇ ಬರಲಿ," ಎಂದು ನಾಗಮ್ಮನನ್ನು ಶಾಲೆ ಬಿಡಿಸಿದ.

ಹೈದರಾಬಾದಿಗೆ ಹೊರಡುವ ಮುಂಚೆ ಇನ್ನೊಂದು ಪರೀಕ್ಷೆ ಕಾದಿತ್ತು. ಕಲ್ಯಾಣಿಯಲ್ಲಿ ಒಂದು ಸಭೆ. ಶಾಲೆಗಳ ಬಗ್ಗೆ ಜನರ ಅಭಿಪ್ರಾಯ ಕೇಳಲು ಮೇಲಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ನಡಾವಳಿ ಬರೆಯಲು ನಾನು ಮೂಲೆಯಲ್ಲಿ ಕೂತಿದ್ದೆ. ಹುಮನಾಬಾದಿನ ವ್ಯಾಪಾರಿಯೊಬ್ಬರು, ಭಾಷೆ ಆಮೇಲೆ ನೋಡೋಣ, ಮೊದಲು ಸೋರದ ಶಾಲೆ ಕಟ್ಟಿಸಿ ಅಂದರು. ಒಬ್ಬ ಜಮೀನುದಾರರು, ಎಲ್ಲರೂ ಓದಿದರೆ ಜೋಳ ಕೊಯ್ಯುವವರು ಯಾರು ಅಂದರು. ಮಗ್ಗ, ಬಡಿಗತನ ಕಲಿಸುವ ಶಾಲೆ ಮಾಡಿ ಎಂದು ಇನ್ನೊಬ್ಬರು. ಕಲ್ಯಾಣಿಯ ವಕೀಲರೊಬ್ಬರು ಎದ್ದು, ಸಣ್ಣ ಮಕ್ಕಳಿಗೆ ಮನೆಮಾತು ಬಿಟ್ಟು ಕಲಿಸುವುದು ಕಲಿಸಿದಂತಲ್ಲ ಎಂದು ಬಹಳ ಹೊತ್ತು ವಾದಿಸಿದರು. ಅಧಿಕಾರಿ ಪೂರ್ತಿ ಕೇಳಿದರು. ಆಮೇಲೆ ಒಂದು ಹಾಳೆ ಎತ್ತಿ ಹಿಡಿದರು.

"ಜನರೇ ಉರ್ದು ಬೇಕು ಅಂತಾರೆ. ನೋಡಿ, ಈ ಹಳ್ಳಿಯಲ್ಲಿ ಒಂದು ಮನೆ ಬಿಡದೆ ಎಲ್ಲ ಉರ್ದು." ಅಕ್ಕನ ಊರ ಹೆಸರು ಓದಿದರು.

ವಕೀಲರು ನಕ್ಕೇಬಿಟ್ಟರು. "ಆ ಊರಿಗಿ ನಾ ಹೋಗೀನ್ರಿ. ಅಲ್ಲಿ ನಾಯಿ ಸುದ್ದಾ ಕನ್ನಡದಾಗ ಬೊಗಳ್ತಾವ."

"ಪಟ್ಟಿ ಬರೆದ ಹುಡುಗ ಇಲ್ಲೇ ಇದ್ದಾನೆ. ನಿಮ್ಮ ಸೀಮೆಯವನೇ. ಅವನನ್ನೇ ಕೇಳಿ," ಅಂದರು ಅಧಿಕಾರಿ.

ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ನನ್ನ ರಜೆಯ ಮಂಜೂರಾತಿ ಬಂದು ವಾರವಾಗಿತ್ತು. ಎದ್ದು ನಿಂತು, "ಚಾವಡಿಯಲ್ಲಿ ಒಬ್ಬೊಬ್ಬರನ್ನೂ ಕೇಳಿಯೇ ಬರೆದದ್ದು," ಅಂದೆ. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ.

ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕೇಳಿ ಬರದ್ಯೋ, ತಿಳದು ಬರದ್ಯೋ?"

ನಾನು ಕೂತು, ಅವರ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಂಡೆ. ಉತ್ತರದ ಜಾಗ ಖಾಲಿ ಬಿಟ್ಟೆ. ಆ ಸಭೆಯ ನಂತರ ಇನ್ನೂ ಕೆಲವು ಊರುಗಳಲ್ಲಿ ಕನ್ನಡ ಮಾಸ್ತರರನ್ನು ತೆಗೆದರು. ನನ್ನ ಒಂದು ಹಾಳೆಯಿಂದಲೇ ಆಯಿತು ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆ ದಿನ ಅವರ ಕೈಯಲ್ಲಿ ಇದ್ದದ್ದು ಅದೇ ಹಾಳೆ.

ಈಗ ಕೆಲಸಕ್ಕೆ ಸೇರುವವರಿಗೆ ಒಂದು ಮಾತು, ಮುಂದೆ ಮರೆತೀತು. ಸಂಸ್ಥಾನ ಹೋಗಿ ಫಾರಮ್ಮುಗಳು ಕನ್ನಡದಲ್ಲಿ ಬಂದವು. ನಾನು ಆ ಹೊತ್ತಿಗೆ ಶಾಲೆ ತನಿಖೆಯ ಅಧಿಕಾರಿ. ಅಕ್ಕನ ಊರಿಗೆ ಕನ್ನಡ ಮಾಸ್ತರನನ್ನು ಕೊಡುವ ಹುಕುಮಿಗೆ ನಾನೇ ಸಹಿ ಹಾಕಿದೆ; ಎಲ್ಲ ಊರಿಗೂ ಕೊಡುತ್ತಿದ್ದರು, ಅದರಲ್ಲಿ ನನ್ನದೇನೂ ಇರಲಿಲ್ಲ. ಅದೇ ವರ್ಷ ಒಬ್ಬ ಹೊಸ ಗುಮಾಸ್ತ ಲಂಬಾಣಿ ತಾಂಡಾವೊಂದಕ್ಕೆ ಹೋಗಿ ಪಟ್ಟಿ ತಂದ. ಮಾತೃಭಾಷೆ ಎಂಬ ಖಾನೆಯಲ್ಲಿ ಮೊದಲ ಮನೆಗೆ 'ಕನ್ನಡ', ಕೆಳಗೆ 'ಸದರ, ಸದರ, ಸದರ.'

"ಹ್ಯಾಂಗ ಕೇಳಿದ್ಯೋ ಅವರಿಗಿ?" ಅಂದೆ.

"ನಿಮ್ಮ ಮಾತೃಭಾಷೆ ಯಾವುದು ಅಂತ ಕೇಳಿದ್ರಿ. ಮಂದಿ ಸುಮ್ಕ ನನ್ನ ಮಾರಿ ನೋಡಾಕತ್ತಿದ್ರು. ನಾಯಕನ ಕೇಳಿ ಬರದೆ."

ನಾನು ಹಾಳೆ ಹರಿದುಹಾಕಿದೆ. ಅವನನ್ನು ಕರೆದುಕೊಂಡು ಮರುದಿನ ನಾನೇ ತಾಂಡಾಕ್ಕೆ ಹೋದೆ. ಅಂದಿನಿಂದ ನನ್ನ ಕೈಕೆಳಗೆ ಯಾರೂ ಸದರ ಎಂದು ಬರೆಯಕೂಡದು ಎಂದು ಮಾಡಿದೆ. ನೂರು ಮನೆ ಇದ್ದರೆ ನೂರು ಸಲ ಪೂರ್ತಿ ಬರೆಯಬೇಕು. ಬರೆಯುವ ಮುಂಚೆ ಒಲೆಯ ಹತ್ತಿರ ಕೂತವಳು ಮಗುವನ್ನು ಹ್ಯಾಗೆ ಗದರಿಸುತ್ತಾಳೆ ಎಂದು ಕಿವಿಯಾರೆ ಕೇಳಬೇಕು. ನನಗೆ ಹಿಂದಿನಿಂದ 'ಪೂರ್ತಿ ಸಾಹೇಬ' ಎಂದು ಹೆಸರಿಟ್ಟಿದ್ದರು. ಇರಲಿ. ಯಾಕೆ ಹಾಗೆ ಮಾಡುತ್ತೇನೆ ಎಂದು ಮಾತ್ರ ಒಬ್ಬರಿಗೂ ಹೇಳಲಿಲ್ಲ.

ಇದಕ್ಕೆಲ್ಲ ಹಿಂದಿನ ಮಾತು ಉಳಿದಿದೆ. ಹೈದರಾಬಾದಿನಲ್ಲಿ ನಾನು ಎರಡನೇ ವರ್ಷದಲ್ಲಿದ್ದಾಗ ಊರಿಂದ ಕಾರ್ಡು ಬಂತು: ನಾಗಮ್ಮನ ಲಗ್ನ, ಕಲ್ಯಾಣಿಯ ಹತ್ತಿರದ ಹಳ್ಳಿಗೆ. ಪರೀಕ್ಷೆ ಇತ್ತು, ಹೋಗಲಿಲ್ಲ. ಪರೀಕ್ಷೆ ಇರದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ಮುಂದೆ ಅಪ್ಪ ತೀರಿಕೊಂಡ. ಆ ಕಾಲೇಜಿನಲ್ಲಿ ಪಾಠ, ಪರೀಕ್ಷೆ, ಕಾಗದ ಎಲ್ಲ ಉರ್ದುವೇ; ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ, ನಾನು ಬಿ.ಎ. ಮುಗಿಸಿದೆ. ಪದವಿಯ ಸನದು ಕೈಗೆ ಬಂದದ್ದೇ ಅದನ್ನು ಕೊಳವೆಯಂತೆ ಸುತ್ತಿ, ರೈಲು ಇಳಿದು, ಬಸ್ಸು ಹಿಡಿದು, ಉಳಿದ ದಾರಿ ನಡೆದು, ನೆಟ್ಟಗೆ ಅಕ್ಕನ ಊರಿಗೆ ಹೋದೆ. ಅಪ್ಪ ಇಲ್ಲದ ಮೇಲೆ ತೋರಿಸಲು ಅವಳೇ ಇದ್ದದ್ದು.

ಮಧ್ಯಾಹ್ನ. ನಾಗಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲಲ್ಲಿ ಹೆಣ್ಣು ಕೂಸು. ನನ್ನನ್ನು ನೋಡಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಅಕ್ಕ ಕೈಯನ್ನು ಎರಡು ಸಲ ತೊಳೆದು, ಸೀರೆಗೆ ಒರೆಸಿ, ಸನದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಅಪ್ಪ ಇರಬೇಕಿತ್ತು ನೋಡು ತಮ್ಮಾ," ಎಂದು ಅತ್ತಳು, ನಕ್ಕಳು. ಓಣಿಯ ಹೆಂಗಸರನ್ನು ಕೂಗಿ ಕರೆದಳು. "ನಮ್ಮ ಮಾಳಪ್ಪ ಬಿ.ಎ. ಆಗ್ಯಾನ ಬರ್ರೇ!"

ಹೆಂಗಸರು ಬಂದು ಸುತ್ತಲೂ ಕೂತರು. ಒಬ್ಬಾಕೆ, "ಏನಂತ ಬರದಾರ ಅದರಾಗ?" ಎಂದು ಕೇಳಿದಳು.

"ನನಗೇನು ತಿಳೀತದ ತಾಯಿ," ಅಂದಳು ಅಕ್ಕ. ಆಮೇಲೆ ಮಗಳ ಕಡೆ ತಿರುಗಿ, ಹೆಮ್ಮೆಯಿಂದಲೇ ಅಂದಳು, "ನಾಗೀ, ಬಾ ಇಲ್ಲಿ. ನೀ ಮಾಸ್ತರ ಹಂತ್ಯಾಕ ಓದಿದಾಕಿ. ನಿಮ್ಮ ಮಾಮಗ ಏನ್ ಬರದು ಕೊಟ್ಟಾರ, ಎಲ್ಲಾರಿಗೂ ಕೇಳೂ ಹಂಗ ಓದು."

ನಾನು ತಡೆಯಬಹುದಿತ್ತು. ನಾನೇ ಓದಿ ಹೇಳುತ್ತೇನೆ ಎನ್ನಬಹುದಿತ್ತು. ಅಷ್ಟರಲ್ಲಿ ಅಕ್ಕ ಅದನ್ನು ನಾಗಮ್ಮನ ಕೈಗೆ ಕೊಟ್ಟಾಗಿತ್ತು. ನಾಗಮ್ಮ ಸನದನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು, ಬೆಳಕಿಗೆ ಬಾಗಿಲ ಹತ್ತಿರ ಹೋದಳು. ಮೇಲಿಂದ ಕೆಳಗೆ ನೋಡಿದಳು. ಹಾಳೆ ತಿರುಗಿಸಿ ಹಿಂಭಾಗ ನೋಡಿದಳು. ಮತ್ತೆ ಮುಂಭಾಗ ತಿರುಗಿಸಿ ಮೂಲೆ ಮೂಲೆ ಹುಡುಕಿದಳು. ಹೆಂಗಸರು ಕಾಯುತ್ತ ಕೂತಿದ್ದರು. ಅವಳು ಅದನ್ನು ಜೋಪಾನವಾಗಿ ಮೊದಲಿದ್ದಂತೆಯೇ ಸುತ್ತಿ, ತಂದು ನನ್ನ ಕೈಗೆ ಕೊಟ್ಟಳು.

"ಮಾಮಾ," ಅಂದಳು, "ಇದರಾಗ ನನಗ ಬರೋದು ಒಂದು ಅಕ್ಷರನೂ ಇಲ್ಲ."